ಮನೇಲೇ ಚೈನೀಸ್, ಜಪಾನೀಸ್ ಊಟ: ಮೂರ್ನಾಲ್ಕು ಬಾಟಲಿ, ಒಂದು ಕಬ್ಬಿಣದ ಬಾಣಲೆ ಇದ್ರೆ ಸಾಕು

ಚೈನೀಸ್ ಅಂದ ತಕ್ಷಣ ನಮ್ಮೂರುಗಳಲ್ಲಿ ನೆನಪಾಗೋದು ಗಾಡಿ ಮೇಲಿನ ಕೆಂಪು ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಹಾಕೋ ಕೃತಕ ಬಣ್ಣಾನ ಬ್ಯಾನ್ ಮಾಡ್ತು, ಆಗ ಎಷ್ಟೋ ಜನ ಅಯ್ಯೋ ಇನ್ಮೇಲೆ ಚೈನೀಸ್ ತಿನ್ನಂಗಿಲ್ವಾ ಅಂತ ಕೇಳಿದ್ರು, ಆದ್ರೆ ಆ ಗೋಬಿಗೂ ಚೀನಾದವರ ಮನೆ ಅಡುಗೆಗೂ ಸಂಬಂಧಾನೇ ಇಲ್ಲ. ಅದು ಕೋಲ್ಕತ್ತ, ಮುಂಬೈ ಕಡೆ ನೆಲೆಸಿದ್ದ ಚೀನೀ ಮೂಲದ ಅಡುಗೆಯವರು ನಮ್ಮ ನಾಲಿಗೆಗೆ ಹೊಂದಿಸಿ ಕಟ್ಟಿದ ರುಚಿ. ರುಚಿ ಚೆನ್ನಾಗೇ ಇದೆ, ನಾನೂ ತಿಂತೀನಿ, ಇವತ್ತಿನ ವಿಷಯ ಮಾತ್ರ ಬೇರೆ.

ಚೀನಾದಲ್ಲಾಗ್ಲಿ ಜಪಾನಲ್ಲಾಗ್ಲಿ ಮನೆ ಊಟ ಅಂದ್ರೆ ಸಾಮಾನ್ಯವಾಗಿ ಅನ್ನ, ಜೊತೆಗೆ ಒಂದೋ ಎರಡೋ ಪದಾರ್ಥ, ಒಂದು ಸೂಪು, ಹೆಚ್ಚುಕಮ್ಮಿ ನಮ್ಮ ಅನ್ನ ಸಾರು ಪಲ್ಯದ ಲೆಕ್ಕಾನೇ. (ಉತ್ತರ ಚೀನಾದಲ್ಲಿ ಅನ್ನದ ಬದಲು ಗೋಧಿ ನೂಡಲ್ಸ್, ಹಬೇಲಿ ಬೇಯ್ಸಿದ ಬನ್ನು ಜಾಸ್ತಿ.) ಹೊಸಬರು ಏನ್ಮಾಡ್ತಾರೆ, ಸೂಪರ್ ಮಾರ್ಕೆಟ್‌ಗೆ ಹೋಗಿ ಹತ್ತು ಥರ ಸಾಸ್ ತಂದು ಫ್ರಿಜ್ ತುಂಬಿಸ್ಕೋತಾರೆ, ಒಂದು ಸಲ ಮಾಡ್ತಾರೆ, ಹೋಟೆಲ್ ಥರ ಬರ್ಲಿಲ್ಲ ಅಂತ ಬಿಟ್ಬಿಡ್ತಾರೆ. ನನ್ನ ಕೇಳಿದ್ರೆ ಚೈನೀಸ್ ಅಡುಗೆ ನಿಂತಿರೋದು ಉರಿ ಮತ್ತೆ ಚಾಕು ಮೇಲೆ, ಜಪಾನೀಸ್ ಅಡುಗೆ ನಿಂತಿರೋದು ನೀರಿನ ಮೇಲೆ, ಅಂದ್ರೆ ಅನ್ನದ ನೀರು, ಸೂಪಿನ ನೀರು. ಈ ಎರಡು ಹದ ಕೈಗೆ ಬಂದ್ರೆ ಸಾಸ್ ಮೂರೇ ಇದ್ರೂ ನಡಿಯತ್ತೆ.

ಮೊದ್ಲು ಏನೇನು ತರ್ಬೇಕು

ಸೋಯಾ ಸಾಸ್ ಒಂದೇ ಬಾಟಲಿ ತರೋದಾದ್ರೆ ನ್ಯಾಚುರಲಿ ಬ್ರೂಡ್ ಅಂತ ಬರ್ದಿರೋದು ತನ್ನಿ, ಹಿಂದೆ ತಿರುಗಿಸಿ ನೋಡಿದ್ರೆ ಸೋಯಾಬೀನ್, ಗೋಧಿ, ಉಪ್ಪು, ನೀರು ಇಷ್ಟೇ ಇರ್ಬೇಕು, ಕಿಕ್ಕೋಮನ್ ಬ್ರ್ಯಾಂಡ್ ಥರದ್ದು. ಇದು ಎರಡೂ ದೇಶದ ಅಡುಗೆಗೆ ಆಗತ್ತೆ. ಡಾರ್ಕ್ ಅಂತ ಬರೋದು ಮುಖ್ಯವಾಗಿ ಬಣ್ಣಕ್ಕೆ, ಲೈಟ್ ಅಂತ ಬರೋ ಚೈನೀಸ್ ಸಾಸ್‌ನಲ್ಲಿ ಉಪ್ಪು ಕಮ್ಮಿ ಇರತ್ತೆ ಅಂದ್ಕೋಬೇಡಿ, ಬಣ್ಣ ತೆಳುವಷ್ಟೆ, ಉಪ್ಪು ಜೋರಾಗೇ ಇರತ್ತೆ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಎರಡು ಗ್ರಾಂಗಿಂತ ಜಾಸ್ತಿ ಉಪ್ಪಿರತ್ತೆ, ಹಾಗಾಗಿ ಮನೇಲಿ ಬಿಪಿ ಇರೋರಿದ್ರೆ ಸಾಸ್ ಹಾಕಿದ ಪದಾರ್ಥಕ್ಕೆ ಬೇರೆ ಉಪ್ಪು ಹಾಕೋ ಮುಂಚೆ ಒಂದ್ಸಲ ನಾಲಿಗೆಗೆ ಇಟ್ಟು ನೋಡಿ.

ಎರಡನೇದು ರೈಸ್ ವಿನೆಗರ್. ಸಿಗದಿದ್ರೆ ಬಿಳಿ ವಿನೆಗರ್ ಸ್ವಲ್ಪ ಕಮ್ಮಿ ಹಾಕಿ, ಚಿಟಿಕೆ ಸಕ್ಕರೆ ಸೇರಿಸಿ. ಮೂರನೇದು ಹುರಿದ ಎಳ್ಳಿನ ಎಣ್ಣೆ, ಕಂದು ಬಣ್ಣ, ಘಮ್ಮನ್ನೋ ವಾಸನೆ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿಂದ ತೆಗೆಯೋದು, ಅದನ್ನೇ ಹಾಕಿದ್ರೆ ಆ ವಾಸನೆ ಬರಲ್ಲ, ಬದಲಿಗೆ ಎರಡು ಚಮಚ ಬಿಳಿ ಎಳ್ಳು ಸಣ್ಣ ಉರೀಲಿ ಹುರಿದು ಕುಟ್ಟಿ ಮೇಲೆ ಉದುರಿಸಿ, ಅದು ಚೆನ್ನಾಗಿರತ್ತೆ. ಈ ಹುರಿದ ಎಳ್ಳಿನ ಎಣ್ಣೇಲಿ ಏನೂ ಹುರೀಬೇಡಿ, ಸ್ಟವ್ ಆರಿಸಿದ ಮೇಲೆ ಅರ್ಧ ಚಮಚ ಅಷ್ಟೆ.

ಜಪಾನೀಸ್ ಮಾಡೋರು ಇದರ ಜೊತೆಗೆ ಮಿಸೊ (ಹುದುಗಿಸಿದ ಸೋಯಾಬೀನ್ ಪೇಸ್ಟ್) ಒಂದು ಪ್ಯಾಕೆಟ್, ಕೊಂಬು ಅನ್ನೋ ಒಣಗಿಸಿದ ಕಡಲಪಾಚಿ, ಒಣ ಶಿಟಾಕೆ ಅಣಬೆ ತಗೋಬೇಕು. ರೇಟು ಜಾಸ್ತಿ ಅನ್ಸತ್ತೆ, ಆದ್ರೆ ಮಿಸೊ ಫ್ರಿಜ್‌ನಲ್ಲಿ ತಿಂಗಳುಗಟ್ಲೆ ಇರತ್ತೆ, ಕೊಂಬು ಅಣಬೆ ಒಣಗಿರೋ ಕಡೆ ಇಟ್ರೆ ಕೆಡಲ್ಲ.

ಟೊಮೇಟೊ ಮೊಟ್ಟೆ

ಚೀನಾದಲ್ಲಿ ಹಾಸ್ಟೆಲ್ ಹುಡುಗರಿಂದ ಹಿಡಿದು ಅಜ್ಜಿಯರ ತನಕ ಎಲ್ಲರೂ ಮಾಡೋ ಪದಾರ್ಥ ಇದು, ಎಷ್ಟೋ ಮಕ್ಕಳು ಮೊದಲು ಕಲಿಯೋದೇ ಇದನ್ನ. ಸೋಯಾ ಸಾಸೂ ಬೇಡ, ಮೆಣಸಿನಕಾಯೀನೂ ಬೇಡ. ನಾಲ್ಕು ಜನಕ್ಕೆ ಐದು ಮೊಟ್ಟೆ, ಚೆನ್ನಾಗಿ ಹಣ್ಣಾದ ನಾಲ್ಕು ಟೊಮೇಟೊ. ನಾಟಿ ಟೊಮೇಟೊ ಸಿಕ್ರೆ ಅದೇ ಒಳ್ಳೇದು, ರಸ ಜಾಸ್ತಿ.

ಮೊಟ್ಟೆಗೆ ಕಾಲು ಚಮಚ ಉಪ್ಪು ಹಾಕಿ ಕದಡಿ. ಟೊಮೇಟೊ ದಪ್ಪ ದಪ್ಪ ಹೋಳು ಮಾಡಿ. ಬಾಣಲೆ ಚೆನ್ನಾಗಿ ಕಾಯ್ಲಿ, ಮೂರು ದೊಡ್ಡ ಚಮಚ ಎಣ್ಣೆ ಹಾಕಿ, ಎಣ್ಣೆ ಕಾದ ಮೇಲೆ ಮೊಟ್ಟೆ ಸುರೀರಿ, ತಕ್ಷಣ ಉಬ್ಬತ್ತೆ. ಇಲ್ಲಿ ನಮ್ಮ ಕೈ ಸುಮ್ನಿರಲ್ಲ, ಎಗ್ ಬುರ್ಜಿ ಮಾಡಿ ಅಭ್ಯಾಸ, ಕೆದಕಿ ಕೆದಕಿ ಪುಡಿ ಮಾಡ್ಬಿಡ್ತೀವಿ, ಹಾಗ್ಮಾಡ್ಬೇಡಿ. ಸೌಟಿಂದ ಅಂಚನ್ನ ಒಳಗೆ ತಳ್ಳಿ ದೊಡ್ಡ ದೊಡ್ಡ ಮೆತ್ತನೆ ತುಂಡು ಮಾಡಿ, ಮುಕ್ಕಾಲು ಬೆಂದಿರೋವಾಗ್ಲೇ ತಟ್ಟೆಗೆ ತೆಗೀರಿ. ಅದೇ ಬಾಣಲೆಗೆ ಇನ್ನೊಂದು ಚಮಚ ಎಣ್ಣೆ, ಎರಡು ಎಸಳು ಬೆಳ್ಳುಳ್ಳಿ ಅಥವಾ ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಆಮೇಲೆ ಟೊಮೇಟೊ, ಉಪ್ಪು, ಒಂದು ಟೀ ಚಮಚ ಸಕ್ಕರೆ. ಮೂರು ನಾಲ್ಕು ನಿಮಿಷದಲ್ಲಿ ರಸ ಬಿಡತ್ತೆ, ಆಗ ಮೊಟ್ಟೆ ವಾಪಸ್ ಹಾಕಿ ಒಂದು ನಿಮಿಷ ತಿರುವಿ ಇಳಿಸಿ. ರಸ ಪೂರ್ತಿ ಇಂಗಿಸ್ಬಾರ್ದು, ಅನ್ನಕ್ಕೆ ಕಲ್ಸೋದೇ ಆ ರಸ. ಸಕ್ಕರೆ ಎಷ್ಟು ಅನ್ನೋದ್ರ ಬಗ್ಗೆ ಚೀನಾದವರೇ ಜಗಳ ಆಡ್ತಾರೆ, ಕೆಲವರು ಧಾರಾಳವಾಗಿ ಹಾಕ್ತಾರೆ, ಕೆಲವರು ಮುಟ್ಟೋದೂ ಇಲ್ಲ, ನೀವು ನಿಮ್ಮ ಟೊಮೇಟೊ ಹುಳಿ ನೋಡ್ಕೊಂಡು ಹಾಕಿ.

ಹುಳಿ ಖಾರದ ಆಲೂಗಡ್ಡೆ

ಮೊಟ್ಟೆ ತಿನ್ನದ ಮನೆಗಳಿಗೆ ನಾನು ಮೊದ್ಲು ಹೇಳೋದು ಇದು. ಪ್ರಪಂಚದಲ್ಲಿ ಅತಿ ಹೆಚ್ಚು ಆಲೂಗಡ್ಡೆ ಬೆಳೆಯೋ ದೇಶ ಚೀನಾ, ಆದ್ರೆ ಅವರು ಇದನ್ನ ಮೆತ್ತಗೆ ಬೇಯಿಸಲ್ಲ, ಸಣ್ಣ ಕಡ್ಡಿ ಥರ ಹೆಚ್ಚಿ ಕಟುಂ ಅನ್ನೋ ಹದದಲ್ಲೇ ಇಳಿಸ್ತಾರೆ. ನಮ್ಮವರಿಗೆ ಮೊದಲ ಸಲ ಹಸಿ ಇದೆ ಅನ್ಸತ್ತೆ, ಹಸಿ ಅಲ್ಲ, ಹದಾನೇ ಅದು.

ಮೂರು ದೊಡ್ಡ ಆಲೂಗಡ್ಡೆ ಸಿಪ್ಪೆ ತೆಗೆದು ತೆಳ್ಳಗೆ ಬಿಲ್ಲೆ ಮಾಡಿ, ಬಿಲ್ಲೆಗಳನ್ನ ಒಂದರ ಮೇಲೊಂದು ಜೋಡಿಸಿ ಬೆಂಕಿಕಡ್ಡಿಗಿಂತ ಸಣ್ಣಕೆ ಉದ್ದುದ್ದ ಹೆಚ್ಚಿ. ಸ್ಲೈಸರ್ ಇದ್ರೆ ಕೆಲಸ ಬೇಗ, ತುರಿಮಣೆ ಬೇಡ, ಮುದ್ದೆಯಾಗತ್ತೆ. ಈಗ ನೀರಲ್ಲಿ ಹಾಕಿ ಮೂರ್ನಾಲ್ಕು ಸಲ ತೊಳೀರಿ, ಬಿಳಿ ನೀರು ಹೋಗಿ ತಿಳಿ ನೀರು ಬರೋ ತನಕ. ಆ ಬಿಳಿ ಅಂದ್ರೆ ಪಿಷ್ಟ, ಅದು ಉಳಿದ್ರೆ ಎಲ್ಲಾ ಅಂಟ್ಕೊಂಡು ಬಾಣಲೆ ತಳ ಹಿಡಿಯತ್ತೆ. ಹತ್ತು ನಿಮಿಷ ನೆನೆಸಿ, ಜರಡೀಲಿ ಪೂರ್ತಿ ನೀರು ಬಸೀರಿ.

ಎರಡು ಚಮಚ ಎಣ್ಣೆ, ನಾಲ್ಕು ಒಣ ಮೆಣಸಿನಕಾಯಿ, ಅರ್ಧ ಚಮಚ ಸಿಚುವಾನ್ ಪೆಪ್ಪರ್. ಇದನ್ನ ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ತರಿಸ್ಕೋಬೇಕು ಅಂತ ಬಹಳ ಜನ ಅಂದ್ಕೊಂಡಿದಾರೆ, ಉತ್ತರ ಕನ್ನಡ ಮಲೆನಾಡು ಕಡೆಯವರಿಗೆ ಮನೇಲೇ ಇರತ್ತೆ, ಜುಮ್ಮನಕಾಯಿ, ಕೊಂಕಣಿಯವರು ಮೀನಿನ ಸಾರಿಗೆ, ಬಂಗುಡೆಗೆ ಹಾಕೋ ತೆಪ್ಪಲ್. ಎರಡೂ ಒಂದೇ ಜಾತಿಯ ಗಿಡಗಳ ಕಾಯಿ, ವಾಸನೆ ಸ್ವಲ್ಪ ಬೇರೆ, ನಾಲಿಗೆ ಜುಮ್ ಅನ್ನೋದು ಮಾತ್ರ ಎರಡರಲ್ಲೂ ಇದೆ. ಒಳಗಿನ ಕರಿ ಬೀಜ ತೆಗೆದುಬಿಡಿ, ಸಿಪ್ಪೆ ಸಾಕು. ಸಣ್ಣ ಉರೀಲಿ ಎಣ್ಣೆಗೆ ಹಾಕಿ ವಾಸನೆ ಬಂದ ಮೇಲೆ ಜುಮ್ಮನಕಾಯಿ ಸಿಪ್ಪೆ ಎತ್ತಿಬಿಡಿ, ಬಾಯಿಗೆ ಸಿಕ್ಕಿದ್ರೆ ಮಕ್ಕಳು ಊಟಾನೇ ಬಿಟ್ಟೇಳ್ತಾರೆ.

ಆಮೇಲೆ ಬೆಳ್ಳುಳ್ಳಿ, ಉರಿ ಪೂರ್ತಿ ಜೋರು, ಆಲೂಗಡ್ಡೆ ಒಟ್ಟಿಗೆ ಹಾಕಿ ಬಿಡದೆ ಕೈಯಾಡಿಸಿ. ಒಂದು ನಿಮಿಷಕ್ಕೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ, ಹುಳಿ ಬಿದ್ರೆ ಆಲೂಗಡ್ಡೆ ಬೇಗ ಮೆತ್ತಗಾಗಲ್ಲ, ಅದಕ್ಕೇ ಮೊದಲೇ ಹಾಕೋದು. ಉಪ್ಪು, ಚಿಟಿಕೆ ಸಕ್ಕರೆ, ಇನ್ನೆರಡು ನಿಮಿಷ, ಆಯ್ತು. ಮುಚ್ಚಳ ಮುಚ್ಚಲೇಬೇಡಿ.

ಇದರ ಪಕ್ಕಕ್ಕೆ ಸೌತೆಕಾಯಿ ಮಾಡ್ಕೊಳಿ, ಸ್ಟವ್ ಬೇಡ. ಎರಡು ಸೌತೆಕಾಯಿನ ಲಟ್ಟಣಿಗೆಯಿಂದ ಬಿರಿಯೋ ಹಾಗೆ ಬಡಿದು ತುಂಡು ಮಾಡಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ನೀರು ಚೆಲ್ಲಿ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ವಿನೆಗರ್, ಅರ್ಧ ಚಮಚ ಸಕ್ಕರೆ, ಮೇಲೆ ಎಳ್ಳು. ಬಡಿದ ಕಡೆ ಒರಟಾಗಿ ಒಡೆದಿರತ್ತಲ್ಲ, ಅಲ್ಲೇ ರಸ ಹಿಡಿಯೋದು.

ಫ್ರೈಡ್ ರೈಸ್ ಮನೇಲಿ ಯಾಕೆ ಮುದ್ದೆಯಾಗತ್ತೆ

ಮೂರು ಕಾರಣ. ಬಿಸಿ ಅನ್ನ ಹಾಕ್ತೀವಿ, ನಾಲ್ಕು ಜನದ್ದು ಒಟ್ಟಿಗೆ ಹಾಕ್ತೀವಿ, ಸಾಸ್ ಜಾಸ್ತಿ ಸುರೀತೀವಿ. ಹೋಟೆಲಿನ ಬರ್ನರ್ ಉರಿ ನಮ್ಮ ಗ್ಯಾಸ್ ಸ್ಟವ್‌ಗಿಂತ ಎಷ್ಟೋ ಪಟ್ಟು ಜೋರು, ಅವರು ಹತ್ತು ಪ್ಲೇಟ್ ಅನ್ನ ಹಾಕಿದ್ರೂ ಬಾಣಲೆ ತಣ್ಣಗಾಗಲ್ಲ, ನಮ್ಮದು ಎರಡು ಲೋಟ ಅನ್ನಕ್ಕೇ ತಣ್ಣಗಾಗತ್ತೆ. ಹಾಗಾಗಿ ಒಂದು ಸಲಕ್ಕೆ ಇಬ್ಬರಿಗೆ ಆಗುವಷ್ಟು ಮಾತ್ರ ಮಾಡಿ, ಎರಡು ಸಲ ಮಾಡಿ, ಐದೈದು ನಿಮಿಷದ ಕೆಲಸ.

ಅನ್ನ ಹಿಂದಿನ ರಾತ್ರೀದು ಇರ್ಲಿ, ಸೋನಾ ಮಸೂರಿ ಸಾಕು, ಬಾಸುಮತಿ ಬೇಕಾಗಿಲ್ಲ. ಒಂದು ಎಚ್ಚರಿಕೆ, ಅನ್ನಾನ ರಾತ್ರಿಯೆಲ್ಲಾ ಹೊರಗೆ ಇಡ್ಬೇಡಿ, ಅನ್ನದಲ್ಲಿ ಬೆಳೆಯೋ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ವಾಂತಿ ಬೇಧಿ ಆಗತ್ತೆ. ಮಾಡಿದ ಒಂದು ಗಂಟೆಯೊಳಗೆ ತಟ್ಟೇಲಿ ಹರಡಿ ಆರಿಸಿ ಫ್ರಿಜ್‌ಗೆ ಇಡಿ. ಬೆಳಗ್ಗೆ ಕೈಯಿಂದ ಗಂಟು ಬಿಡಿಸಿ.

ಎಲ್ಲಾ ಹೆಚ್ಚಿ ಸ್ಟವ್ ಪಕ್ಕ ಇಟ್ಕೊಂಡ ಮೇಲೇ ಉರಿ ಹಚ್ಚಿ. ಬಾಣಲೆಯಿಂದ ಹೊಗೆ ಏಳೋಕೆ ಶುರುವಾದಾಗ ಎರಡು ಚಮಚ ಎಣ್ಣೆ, ಎರಡು ಮೊಟ್ಟೆ, ಅದು ಇನ್ನೂ ಹಸಿಹಸಿ ಇರುವಾಗ್ಲೇ ಎರಡು ಲೋಟ ಅನ್ನ. ಸೌಟಿನ ಬೆನ್ನಲ್ಲಿ ಒತ್ತಿ ಬಿಡಿಬಿಡಿ ಮಾಡ್ತಾ ಎರಡು ಮೂರು ನಿಮಿಷ, ಉಪ್ಪು, ಆಮೇಲೆ ಒಂದೇ ಟೀ ಚಮಚ ಸೋಯಾ ಸಾಸ್, ಅದನ್ನೂ ಅನ್ನದ ಮೇಲೆ ಸುರೀದೆ ಬಾಣಲೆಯ ಅಂಚಿಗೆ ಬಿಡಿ, ಬಿಸಿ ಕಬ್ಬಿಣಕ್ಕೆ ತಾಗಿ ಚುರ್ ಅಂತ ಸುಡ್ಬೇಕು, ಹೋಟೆಲ್ ವಾಸನೆ ಅಂತೀವಲ್ಲ ಅದರಲ್ಲಿ ಅರ್ಧ ಇಲ್ಲೇ ಬರತ್ತೆ. ಕೊನೇಲಿ ಹಿಡಿ ಈರುಳ್ಳಿ ಸೊಪ್ಪು. ನಾನ್‌ಸ್ಟಿಕ್ ಬಾಣಲೇನ ಇಷ್ಟು ಕಾಯಿಸ್ಬಾರ್ದು, ಕೋಟಿಂಗ್ ಹಾಳಾಗತ್ತೆ, ಕಬ್ಬಿಣದ್ದೇ ಬೇಕು. ಮೊಟ್ಟೆ ಬೇಡ ಅಂದ್ರೆ ಟೋಫು (ಸೋಯಾ ಪನೀರ್) ಪುಡಿ ಮಾಡಿ ಮೊದ್ಲು ಕೆಂಪಗೆ ಹುರ್ಕೊಳಿ. ಕ್ಯಾರೆಟ್ ಬೀನ್ಸ್ ಹಾಕೋದಾದ್ರೆ ಸಣ್ಣಕೆ ಹೆಚ್ಚಿ ಬೇರೆ ಹುರಿದಿಟ್ಕೊಂಡು ಕೊನೇಲಿ ಸೇರಿಸಿ, ಹಸಿ ತರಕಾರಿ ನೀರು ಬಿಟ್ಟು ಅನ್ನ ಕೆಡ್ಸತ್ತೆ.

ಜಪಾನಿನ ಅನ್ನ, ಜಪಾನಿನ ಸೂಪು

ಜಪಾನಿನ ಅಕ್ಕಿ ಗಿಡ್ಡ, ಬೆಂದ ಮೇಲೆ ಒಂದಕ್ಕೊಂದು ಅಂಟತ್ತೆ, ಚಾಪ್‌ಸ್ಟಿಕ್‌ನಲ್ಲಿ ಎತ್ತೋಕೆ ಆಗೋದೂ ಅದರಿಂದಾನೇ. ಆ ಅಕ್ಕಿ ದುಬಾರಿ. ಮಹಾರಾಷ್ಟ್ರದ ಇಂದ್ರಾಯಣಿ ಅಕ್ಕಿ ಸಿಕ್ರೆ ತುಂಬಾ ಹತ್ತಿರ ಬರತ್ತೆ. ಜಪಾನಿನ ಅಕ್ಕಿಗೆ ನೀರು ಕಮ್ಮಿ, ಒಂದು ಲೋಟಕ್ಕೆ ಒಂದೂಕಾಲು ಲೋಟ ದಾಟ್ಬಾರ್ದು, ಮೂರ್ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಿ, ಕುದಿ ಬಂದ ಮೇಲೆ ಮುಚ್ಚಿ ಸಣ್ಣ ಉರೀಲಿ ಹನ್ನೆರಡು ನಿಮಿಷ, ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೀಬೇಡಿ. ಇಂದ್ರಾಯಣಿಗೆ ಒಂದೂವರೆ ಲೋಟದಿಂದ ಶುರು ಮಾಡಿ, ಸೋನಾ ಮಸೂರಿ ಆದ್ರೆ ಎರಡೂಕಾಲು ಲೋಟ ಹಾಕಿ ಮೆತ್ತಗೆ ಮಾಡ್ಕೊಳಿ.

ಈಗ ದಾಶಿ, ಅಂದ್ರೆ ಜಪಾನೀಸ್ ಸೂಪಿಗೆಲ್ಲಾ ಬುಡವಾಗೋ ತಿಳಿ ಸಾರು. ಜಪಾನೀಸ್ ಅಡುಗೆ ಸಪ್ಪೆ ಅನ್ನೋರು ದಾಶಿ ಇಲ್ಲದೆ ಮಾಡಿರ್ತಾರೆ. ಸಾಮಾನ್ಯವಾಗಿ ಕೊಂಬು ಜೊತೆ ಒಣಗಿಸಿ ಹೊಗೆ ಹಾಕಿದ ಮೀನಿನ ಚಕ್ಕೆ ಹಾಕ್ತಾರೆ, ಆದ್ರೆ ಬೌದ್ಧ ಮಠಗಳ ಸಸ್ಯಾಹಾರಿ ಅಡುಗೇಲಿ ಕೊಂಬು ಮತ್ತೆ ಒಣ ಶಿಟಾಕೆ ಮಾತ್ರ, ನಮಗೆ ಅದೇ ಸುಲಭ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಕೊಂಬು, ನಾಲ್ಕು ಅಣಬೆ, ರಾತ್ರಿ ಫ್ರಿಜ್‌ನಲ್ಲಿ ನೆನೆಯೋಕೆ ಬಿಡಿ. ಕೊಂಬು ಮೇಲೆ ಬಿಳಿ ಪುಡಿ ಇರತ್ತೆ, ಬೂಸ್ಟು ಅಂತ ತೊಳೀಬೇಡಿ, ರುಚಿ ಅದರಲ್ಲೂ ಇದೆ, ಬಟ್ಟೇಲಿ ಮೆಲ್ಲಗೆ ಒರೆಸಿ ಸಾಕು. 1908ರಲ್ಲಿ ಟೋಕಿಯೋದ ಕಿಕುನೆ ಇಕೆಡಾ ಅನ್ನೋ ರಸಾಯನಶಾಸ್ತ್ರದ ಪ್ರೊಫೆಸರ್ ಕೊಂಬು ಸಾರಲ್ಲಿ ರುಚಿ ಎಲ್ಲಿಂದ ಬರತ್ತೆ ಅಂತ ಹುಡುಕ್ತಾ ಅದು ಗ್ಲುಟಮೇಟ್ ಅನ್ನೋ ಅಂಶದಿಂದ ಅಂತ ಕಂಡುಹಿಡಿದ್ರು, ಮುಂದಿನ ವರ್ಷಾನೇ ಅಜಿನೊಮೊಟೊ ಮಾರ್ಕೆಟ್‌ಗೆ ಬಂತು. ಗಾಡಿಯವರ ಟೇಸ್ಟಿಂಗ್ ಪೌಡರ್ ಇದೇನೇ. ಕೊಂಬು ನೆನೆಸಿದ್ರೆ ಆ ಪುಡಿ ಬೇಕಾಗಲ್ಲ.

ಬೆಳಗ್ಗೆ ಅದನ್ನ ಸಣ್ಣ ಉರೀಲಿ ಇಟ್ಟು ತಳದಲ್ಲಿ ಗುಳ್ಳೆ ಏಳೋಕೆ ಶುರುವಾದಾಗ ಕೊಂಬು ತೆಗೆದುಬಿಡಿ, ಕುದಿಸಿದ್ರೆ ಲೋಳೆ ಲೋಳೆ, ಕಹಿ. ಅಣಬೆ ಹೆಚ್ಚಿ ಸೂಪಿಗೇ ಹಾಕಿ. ಟೋಫು ಚೂರು, ಮೂಲಂಗಿ, ಪಾಲಕ್, ಸಿಹಿಕುಂಬಳ, ಯಾವುದು ಮನೇಲಿದ್ಯೋ ಅದು, ಇವೆಲ್ಲಾ ಜಪಾನಲ್ಲೂ ಹಾಕೋವೇ. ತರಕಾರಿ ಬೆಂದ ಮೇಲೆ ಸ್ಟವ್ ಆರಿಸಿ, ಒಂದು ಸೌಟು ಬಿಸಿ ನೀರಲ್ಲಿ ಮಿಸೊ ಗಂಟಿಲ್ಲದ ಹಾಗೆ ಕದಡಿ ಸೇರಿಸಿ, ಒಬ್ಬರಿಗೆ ಒಂದು ಚಮಚ ಲೆಕ್ಕ, ಬಿಳಿ ಮಿಸೊ ಸಿಹಿ ಕಡೆ ಇರತ್ತೆ, ಕೆಂಪು ಮಿಸೊ ಉಪ್ಪು ಜಾಸ್ತಿ, ಮಕ್ಕಳಿರೋ ಮನೆಗೆ ಬಿಳೀದು. ಮಿಸೊ ಹಾಕಿದ ಮೇಲೆ ಕುದಿಸಿದ್ರೆ ಪರಿಮಳ ಹೋಗತ್ತೆ. ಶಾಕಾಹಾರಿಗಳು ಪ್ಯಾಕೆಟ್ ಓದಿ ತನ್ನಿ, ದಾಶಿ ಸೇರಿಸಿದ ಮಿಸೊದಲ್ಲಿ ಮೀನಿರತ್ತೆ.

ಬಾಕ್ಸ್‌ಗೆ ಒನಿಗಿರಿ

ಒನಿಗಿರಿ ಅಂದ್ರೆ ಹೂರಣ ಇಟ್ಟ ಅನ್ನದ ಉಂಡೆ. ಅನ್ನ ಬಿಸಿ ಇರುವಾಗ್ಲೇ, ಕೈ ಸುಡದಷ್ಟು ಆರಿದಾಗ, ಅಂಗೈಗೆ ನೀರು, ಚಿಟಿಕೆ ಉಪ್ಪು ಸವರ್ಕೊಂಡು ಹಿಡಿ ಅನ್ನ ತಗೊಳಿ, ಮಧ್ಯ ಗುಳಿ ಮಾಡಿ ಹೂರಣ ಇಟ್ಟು ಮುಚ್ಚಿ, ಮೂರು ಮೂಲೆ ಬರೋ ಹಾಗೆ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಹಿಂಡಿದ್ರೆ ಕಲ್ಲಾಗತ್ತೆ. ವಿನೆಗರ್ ಬೇಡ, ಅದು ಸುಶಿಗೆ. ಜಪಾನಲ್ಲಿ ಉಮೆಬೊಶಿ ಅನ್ನೋ ಉಪ್ಪು ಹುಳಿ ಹಣ್ಣಿಡ್ತಾರೆ, ನಾನು ಮಾವಿನ ಮಿಡಿ ಉಪ್ಪಿನಕಾಯಿಯ ತಿರುಳು ಇಡ್ತೀನಿ, ವಾಟೆ ತೆಗೆದು, ಮೇಲಿನ ಖಾರ ಒರೆಸಿ. ನೋರಿ ಅನ್ನೋ ಒಣ ಕಡಲಪಾಚಿ ಹಾಳೆ ಇದ್ರೆ ಸುತ್ತ ಸುತ್ತಿ, ಇಲ್ದಿದ್ರೆ ಹುರಿದ ಎಳ್ಳಲ್ಲಿ ಹೊರಳಿಸಿ. ಬೆಳಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಖಾಲಿ ಆಗ್ಬೇಕು, ಫ್ರಿಜ್‌ಗೆ ಇಟ್ರೆ ಅನ್ನ ಗಡುಸಾಗತ್ತೆ.

ಕೊನೇಗೆ ಮಕ್ಕಳ ಫೇವರಿಟ್, ಜಪಾನಿನ ಕರಿ

ನಮ್ಮ ಮಸಾಲೆ ಬ್ರಿಟಿಷರ ಕೈಲಿ ಕರಿ ಪೌಡರ್ ಆಗಿ, 19ನೇ ಶತಮಾನದಲ್ಲಿ ಅಲ್ಲಿಂದ ಜಪಾನಿಗೆ ಹೋಗಿ, ಹಿಟ್ಟು ಬೆಣ್ಣೆ ಸೇರ್ಕೊಂಡು ಗಟ್ಟಿ ಕಂದು ಗೊಜ್ಜಾಯ್ತು. ಜಪಾನಿನ ನೌಕಾಪಡೆಯಲ್ಲಿ ಇವತ್ತಿಗೂ ಶುಕ್ರವಾರ ಕರಿ ಊಟ. ಭಾರತದ ಶೈಲೀದೇ ಬೇಕು ಅಂತ 1927ರಲ್ಲಿ ಟೋಕಿಯೋದ ನಾಕಮುರಾಯಾ ಅಂಗಡೀಲಿ ಹಿಟ್ಟಿಲ್ಲದ ಕರಿ ಶುರು ಮಾಡಿಸಿದ್ದು ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸ್, ಆದ್ರೂ ಮನೆಮನೇಲಿ ಗೆದ್ದಿದ್ದು ಹಿಟ್ಟಿನ ಕರೀನೇ. ಅಂಗಡೀಲಿ ಕರಿ ರೂ ಬ್ಲಾಕ್ (ಕೊಬ್ಬು, ಹಿಟ್ಟು, ಮಸಾಲೆ ಸೇರಿಸಿ ಮಾಡಿದ ಗಟ್ಟಿ ತುಂಡು) ಸಿಗತ್ತೆ, ಎಷ್ಟೋ ಬ್ಲಾಕ್‌ಗಳಲ್ಲಿ ದನದ ಅಥವಾ ಹಂದಿಯ ಕೊಬ್ಬಿರತ್ತೆ, ಅದಕ್ಕೆ ಮನೇಲೇ ಮಾಡೋದು ವಾಸಿ.

ಎರಡು ಈರುಳ್ಳಿ ಉದ್ದಕ್ಕೆ ಹೆಚ್ಚಿ ಹತ್ತು ನಿಮಿಷ ಕಂದು ಬರೋ ತನಕ ಹುರೀರಿ, ಎರಡು ಕ್ಯಾರೆಟ್, ಮೂರು ಆಲೂಗಡ್ಡೆ ದಪ್ಪ ಹೋಳು ಮಾಡಿ ಹಾಕಿ, ನಾಲ್ಕು ಲೋಟ ನೀರು, ಅರ್ಧ ಸೇಬು ತುರಿದು ಸೇರಿಸಿ, ಬೇಯಲಿ. ಇನ್ನೊಂದು ಬಾಣಲೇಲಿ ಮೂರು ದೊಡ್ಡ ಚಮಚ ಬೆಣ್ಣೆ, ನಾಲ್ಕು ದೊಡ್ಡ ಚಮಚ ಮೈದಾ, ಸಣ್ಣ ಉರೀಲಿ ಕೈ ಬಿಡದೆ ಹುರಿದ್ರೆ ಎಂಟು ಹತ್ತು ನಿಮಿಷಕ್ಕೆ ತಿಳಿ ಕಂದು ಬರತ್ತೆ. ಸ್ಟವ್ ಆರಿಸಿ ಒಂದು ದೊಡ್ಡ ಚಮಚ ಧನಿಯಾ ಪುಡಿ, ಒಂದೊಂದು ಟೀ ಚಮಚ ಜೀರಿಗೆ ಪುಡಿ, ಅರಿಶಿನ, ಅರ್ಧ ಚಮಚ ಗರಂ ಮಸಾಲ, ಚಿಟಿಕೆ ಮೆಂತ್ಯದ ಪುಡಿ, ಅಚ್ಚಖಾರದ ಪುಡಿ ನಿಮ್ಮಿಷ್ಟ. ಸಾಂಬಾರ್ ಪುಡಿ ಹಾಕಿದ್ರೆ ಸಾಂಬಾರೇ ಆಗತ್ತೆ, ಬೇಡ. ತರಕಾರಿ ಬೆಂದ ನೀರು ಒಂದೊಂದೇ ಸೌಟು ಹಾಕಿ ಗಂಟಿಲ್ಲದೆ ಕದಡಿ ಪಾತ್ರೆಗೆ ಸುರಿದು, ಒಂದು ಚಮಚ ಸೋಯಾ ಸಾಸ್, ಉಪ್ಪು ನೋಡ್ಕೊಂಡು ಐದು ನಿಮಿಷ ಕುದಿಸಿ, ತಳ ಹಿಡಿಯೋದು ಇಲ್ಲೇ, ಕೆಳಗಿಂದ ಕೈಯಾಡಿಸ್ತಾ ಇರಿ. ಅನ್ನದ ಒಂದು ಪಕ್ಕಕ್ಕೆ ಬಡಿಸಿ, ಚಮಚದಲ್ಲಿ ತಿನ್ನೋದು, ಇದಕ್ಕೆ ಜಪಾನಿನವರೂ ಚಾಪ್‌ಸ್ಟಿಕ್ ಮುಟ್ಟಲ್ಲ. ಉಳಿದಿದ್ದು ಬೇಗ ಆರಿಸಿ ಫ್ರಿಜ್‌ಗಿಟ್ರೆ ಮಾರನೇ ದಿನ ಇನ್ನೂ ರುಚಿ, ಗಟ್ಟಿಯಾಗಿರತ್ತೆ, ಬಿಸಿ ಮಾಡುವಾಗ ಅರ್ಧ ಲೋಟ ದಾಶಿ ಹಾಕಿ ನೂಡಲ್ಸ್ ಮೇಲೆ ಸುರ್ಕೊಳಿ.